ಬಣ್ಣ ಹಿಡಿಯದ ಮಡ್ಗಾರ್ಡು

ಇಸಿದೋರ್ ಪೊರ್ಬುಗಳನ್ನು ಯಾರಾದರೂ ಹೊಗಳಿದರೆ ಆ ದಿನಗಳಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪೊರ್ಬುಗಳೆಂದರೆ ನಮ್ಮಲ್ಲಿ ಕ್ರಿಸ್ತುವ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಮಾತು. ಮಂಗಳೂರಿನ ಜೆಪ್ಪುವಿನಲ್ಲಿ ಅವರಷ್ಟು ನಿಧಾನದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಮನೆಯ ಪಕ್ಕದ ಹೆಂಚಿನ ಶೆಡ್ಡಿನಲ್ಲಿ ಮೊದಲು ಕುದುರೆಗಾಡಿಗಳಿಗೆ, ಆಮೇಲೆ ಕಾರುಗಳಿಗೆ ಬಣ್ಣ ಹೊಡೆಯುತ್ತ ಅರವತ್ತು ದಾಟಿದವರು. ಕಾರಿನ ಉದ್ದಕ್ಕೂ ಹಳದಿ ಗೆರೆ ಎಳೆಯಲು ಅವರಿಗೆ ದಾರವೂ ಬೇಡ, ಕೋಲೂ ಬೇಡ. ಉಸಿರು ಕಟ್ಟಿ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಗೆರೆ ಆಚೆ ತುದಿ ಮುಟ್ಟಿರುತ್ತಿತ್ತು. ಅದನ್ನು ನೋಡಲಿಕ್ಕೆಂದೇ ದಾರಿಹೋಕರು ನಿಲ್ಲುತ್ತಿದ್ದರು. ತಮ್ಮ ಕೈಯ ಮೇಲೆ ಅವರಿಗೂ ಅಭಿಮಾನ ಸ್ವಲ್ಪ ಜಾಸ್ತಿಯೇ ಇತ್ತು ಎನ್ನಿ.

ನಾನು ನೋಣಯ್ಯ, ಸಂಕಪ್ಪ ಶೆಟ್ಟರ ಕಾರಿನ ಡ್ರೈವರ್. ಕಾರೆಂದರೆ ಅಂತಿಂಥ ಕಾರಲ್ಲ. ಕಾಫಿ ಕಾರ್ಖಾನೆಯ ದೊರೆಯೊಬ್ಬ ಬಿಲಾತಿಗೆ ಹೊರಡುವಾಗ ಧಣಿಗಳಿಗೆ ಕೊಟ್ಟು ಹೋದದ್ದು. ಚರ್ಮದ ಸೀಟು, ಕಡು ಹಸುರು ಮೈ, ಒಳಗೆ ಹೂ ಇಡಲಿಕ್ಕೊಂದು ಗಾಜಿನ ಕುಪ್ಪಿ. ಮೂವತ್ತೇಳನೆಯ ಇಸವಿಗೆ ಅದಕ್ಕೆ ಹತ್ತು ವರ್ಷವಾಗಿತ್ತು. ಮಂಗಳೂರಿನ ಉಪ್ಪುಗಾಳಿಗೆ ಬಿಲಾತಿ, ನಾಟಿ ಎಂಬ ಭೇದ ಇಲ್ಲ. ಎಡಗಡೆಯ ಮಡ್ಗಾರ್ಡಿನ ಅಂಚಿನಲ್ಲಿ ಎಂಟಾಣೆಯಗಲ ತುಕ್ಕು ಎದ್ದಿತು. ದೀಪಾವಳಿ ಕಳೆದ ಮೇಲೆ ಧಣಿಗಳ ಮಗಳು ಶಶಿಪ್ರಭಾಳ ಮದುವೆ. ಮದುಮಗಳು ಇಳಿಯುವುದು ಇದೇ ಕಾರಿನಿಂದ. ಚೌತಿ ಮುಗಿದ ವಾರವೇ ಕಾರನ್ನು ಪೊರ್ಬುಗಳ ಶೆಡ್ಡಿಗೆ ತಂದು ಬಿಟ್ಟೆ.

"ನಾಲ್ಕು ದಿನದಲ್ಲಿ ಆಗ್ತದಲ್ಲ ಪೊರ್ಬುಗಳೇ?"

"ತುಕ್ಕು ಬರ್ಲಿಕ್ಕೆ ಹತ್ತು ವರ್ಷ ಬೇಕಾಯ್ತು. ಹೋಗ್ಲಿಕ್ಕೆ ನಾಲ್ಕು ದಿನವಾ?" ಎಂದು ಅವರು ತುಕ್ಕು ಉಜ್ಜುವ ಉಪ್ಪುಕಾಗದ ಹರಿಯತೊಡಗಿದರು.

ಎಂಟಾಣೆಯಗಲದ ತುಕ್ಕಿಗೆ ಒಂದು ಮೊಳ ಬಣ್ಣ ಕೆರೆದರು. ಮೇಲಿನ ಹಳದಿ ಗೆರೆಯೂ ಅಲ್ಲಿಗೆ ಹೋಯಿತು. ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿ, ಟರ್ಪೆಂಟೈನಿನಲ್ಲಿ ಒರೆಸಿದ ಮೇಲಾದರೂ ಬಣ್ಣ ಹೊಡೆದರೇ? ಇಲ್ಲ. ಸಂಜೆಯ ಗಾಳಿಯಲ್ಲಿ ಧೂಳು ಹಾರುತ್ತದಂತೆ, ಬೆಳಗಿನ ಜಾವಕ್ಕೆ ಅದು ಅಡಗಿರುತ್ತದಂತೆ. ಮೇಲೊಂದು ಒಣ ಗೋಣಿ ಮುಚ್ಚಿ, "ನಾಳೆ ಬೆಳಿಗ್ಗೆ ಹೊಡೀತೇನೆ. ಯಾರೂ ಮುಟ್ಟಬಾರ್ದು" ಎಂದವರೇ ಇಗರ್ಜಿಯ ಗಂಟೆ ಕೇಳಿ ಪ್ರಾರ್ಥನೆಗೆ ಹೊರಟುಹೋದರು.

ನೀವೇ ಹೇಳಿ, ನೇತ್ರಾವತಿಯ ದಡದಲ್ಲಿ ಬತ್ತಲೆ ಕಬ್ಬಿಣವನ್ನು ರಾತ್ರಿಯಿಡೀ ಹಾಗೇ ಬಿಡುವುದೆಂದರೇನು? ನಮ್ಮ ಕಡೆ ಕತ್ತಿ, ಬೀಗ, ಹುಟ್ಟಿದ ಮಗು, ಎಲ್ಲಕ್ಕೂ ಮೊದಲು ಎಣ್ಣೆ. ಮನೆಯಿಂದ ಒಂದು ಗಿಂಡಿ ತೆಂಗಿನೆಣ್ಣೆ ತಂದು, ಗೋಣಿ ಸರಿಸಿ ತೆಳ್ಳಗೆ ಸವರಿದೆ. ಬೆಳಿಗ್ಗೆ ಅವರು ಏಳುವ ಮೊದಲೇ ಬಂದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಮುದುಕನಿಗೆ ಬುದ್ಧಿ ಇಲ್ಲದಿದ್ದರೆ ನನಗಾದರೂ ಬೇಡವೇ ಎಂದು ಬೀಗಿದೆ.

ಪೊರ್ಬುಗಳು ಹಸುರಿಗೆ ಮೊದಲು ಹಾಕುವ ಕೆಂಪು ಅಡಿಬಣ್ಣ ಹೊಡೆದರು. ಮೂರನೆಯ ದಿನ ಅದು ಸುಕ್ಕುಗಟ್ಟಿತು. ಉಗುರು ತಾಗಿದರೆ ಕಾಯಿಸಿದ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಅವರು ಬಣ್ಣದ ಡಬ್ಬಿ ಬದಲಿಸಿದರು, ಪುನಃ ಕೆರೆದರು, ಪುನಃ "ಮುಟ್ಟಬಾರ್ದು" ಎಂದರು. ನಾನು ಪುನಃ ಎಣ್ಣೆ ಸವರಿದೆ. ಎರಡನೆಯ ಸಲವೂ ಅದೇ ಕಥೆ.

ಧಣಿಗಳು ದಿನಾ ಕೇಳುತ್ತಿದ್ದರು. "ಪೊರ್ಬುಗಳಿಗೆ ಪ್ರಾಯ ಆಯ್ತು ಧಣಿ, ಕೈ ನಿಲ್ಲುದಿಲ್ಲ" ಎಂದುಬಿಟ್ಟೆ. ಹೇಳಬಾರದಿತ್ತು, ಆದರೆ ಹೇಳಿದೆ. ಅಷ್ಟು ತಲೆ ಕೆಟ್ಟಿತ್ತು ನನಗೆ. ಅದು ಊರೆಲ್ಲ ಸುತ್ತಿ ಪೊರ್ಬುಗಳ ಕಿವಿಗೂ ಬಿತ್ತು. ಅವರು ಸಿಟ್ಟಾಗಲಿಲ್ಲ. ನಾನು ಹೋದಾಗ ಜಗಲಿಯಲ್ಲಿ ಕೂತು ಸೂಜಿಗೆ ನೂಲು ಹಾಕಿ ನೋಡುತ್ತಿದ್ದರು.

"ಎಂತ ಮಾಡುದು ಇವರಿಗೆ?" ಎಂದರು ಹೆಂಡತಿ ಬೆನಿಟಾ ಬಾಯಮ್ಮ. "ಊಟ ಮಾಡುವಾಗಲೂ ಕೈಯನ್ನೇ ನೋಡ್ತಾರೆ. ಆ ಕೈಗೇ ಬೈತಾರೆ ಮಾರಾಯ."

"ಇನ್ನೊಂದು ಸಲ ಹೊಡೀತೇನೆ ನೋಣಯ್ಯ," ಎಂದರು ಪೊರ್ಬುಗಳು. "ಈಗಲೂ ಹಿಡಿಯದಿದ್ರೆ ಬ್ರಷ್ ಇಡ್ತೇನೆ. ಜನರ ಕಾರು ಹಾಳು ಮಾಡುವ ಕೈ ನನಗೆ ಬೇಡ."

ಮೂರನೆಯ ಸಲವೂ ಬಣ್ಣ ಹಿಡಿಯಲಿಲ್ಲ. ಅವರು ಬ್ರಷ್ಷುಗಳನ್ನೆಲ್ಲ ತೊಳೆದು ಒಣಗಿಸಿ, ಹಳೆಯ ಪಂಚೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಧಣಿಗಳು ಬೇರೆ ಪೈಂಟರನ್ನು ಹುಡುಕು ಎಂದರು. ಕಡೆಗೂ ಪೀಡೆ ತೊಲಗಿತು ಎಂದೇ ನಾನು ಅಂದುಕೊಂಡದ್ದು.

ಅಷ್ಟರಲ್ಲಿ ಮಾರ್ನೆಮಿ ಬಂತು. ಆಯುಧಪೂಜೆಯ ಬೆಳಿಗ್ಗೆ ಕತ್ತಿ, ಸ್ಪಾನರ್ ಎಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು ಗಂಧದ ಬೊಟ್ಟು ಇಡಲು ಕೂತೆ. ಇಟ್ಟ ಬೊಟ್ಟೆಲ್ಲ ಜಾರಿ ಇಳಿಯಿತು. ಇನ್ನೊಮ್ಮೆ ಇಟ್ಟೆ. ಅದೂ ಜಾರಿತು.

ನನ್ನ ಹೆಂಡತಿ ಬಾಗಿ ನೋಡಿ ನಕ್ಕಳು. "ನಿನ್ನೆ ನೀವೇ ಎಣ್ಣೆ ಹಚ್ಚಿದ್ದಲ್ವಾ? ಎಣ್ಣೆ ಕುಡಿದ ಕಬ್ಬಿಣದಲ್ಲಿ ಗಂಧ ಹೇಗೆ ನಿಲ್ತದೆ?"

"ಒರೆಸಿದ್ದೇನಲ್ಲ!"

"ಒರೆಸಿದ್ರೆ ಹೋಗ್ತದಾ?"

ಗಂಧದ ಬಟ್ಟಲು ಕೆಳಗಿಟ್ಟೆ. ಮಡ್ಗಾರ್ಡಿನ ಎಣ್ಣೆಯನ್ನೂ ನಾನು ಒರೆಸಿಯೇ ಬಿಟ್ಟದ್ದಲ್ಲವೇ? ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಪೂಜೆ ಅರ್ಧಕ್ಕೆ ಬಿಟ್ಟು ಜೆಪ್ಪುವಿಗೆ ಓಡಿದೆ.

ಪೊರ್ಬುಗಳು ಅಂಗಳದಲ್ಲಿ ಸುಮ್ಮನೆ ಕೂತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿದೆ.

"ಮೂರು ಸಲವೂ?"

"ಮೂರು ಸಲವೂ."

ಅವರ ಮುಖ ಅರಳಿತು. "ಬೆನಿಟಾ, ಕೇಳಿದ್ಯಾ? ಕೈಯದ್ದು ಎಂತ ತಪ್ಪೂ ಇಲ್ಲ!" ಎಂದು ಕೂಗಿ, ತಾವೇ ಅಟ್ಟಕ್ಕೆ ಹತ್ತಿ ಗಂಟು ಇಳಿಸಿದರು. ಬಾಯಮ್ಮ ಮಾತ್ರ ನನ್ನ ಮುಖವನ್ನೂ ನೋಡದೆ ಒಳಗೆ ಹೋದರು.

ಆ ವಾರ ಅವರು ನಾಲ್ಕನೆಯ ಸಲ ಕೆರೆದರು. ನಾನು ಕಾರಿನಿಂದ ಹತ್ತು ಮಾರು ದೂರ ನಿಂತೆ. ಕೆಂಪು ಹಿಡಿಯಿತು, ಅದರ ಮೇಲೆ ಹಸುರು ಹಿಡಿಯಿತು, ವಾರ್ನಿಷು ಕನ್ನಡಿಯ ಹಾಗೆ ಕೂತಿತು. ಮದುವೆಗೆ ಎರಡು ದಿನ ಇರುವಾಗ ಹಳದಿ ಗೆರೆಯೊಂದೇ ಬಾಕಿ.

ಪೊರ್ಬುಗಳು ಬ್ರಷ್ ಅದ್ದಿ, ಉಸಿರು ಕಟ್ಟಿ ಕೈ ಎತ್ತಿದರು. ಮಡ್ಗಾರ್ಡಿಗೆ ತಾಗುವ ಮೊದಲೇ ಬ್ರಷ್ಷಿನ ತುದಿ ನಡುಗಿತು. ಇಳಿಸಿದರು, ಪುನಃ ಎತ್ತಿದರು. ಮೂರನೆಯ ಸಲ ಎತ್ತಲಿಲ್ಲ.

"ಬಣ್ಣ ಹಿಡೀತು ನೋಣಯ್ಯ," ಎಂದರು, ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸುತ್ತ. "ಕೈ ಮಾತ್ರ ನನ್ನನ್ನು ನಂಬುದಿಲ್ಲ ಈಗ. ತಪ್ಪಿಲ್ಲದೆ ಅಷ್ಟು ದಿನ ಬೈದಿದ್ದೇನಲ್ಲ."

ಎಡ ಮಡ್ಗಾರ್ಡಿನಲ್ಲಿ ಗೆರೆ ಇಲ್ಲದ ಕಾರಿನಲ್ಲೇ ಶಶಿಪ್ರಭಾ ಮದುವೆಗೆ ಹೋದಳು. ಎಡಗಡೆ ಗೋಡೆಗೆ ಬರುವ ಹಾಗೆ ನಿಲ್ಲಿಸಿದೆ, ಯಾರಿಗೂ ಕಾಣಲಿಲ್ಲ. ಧಣಿಗಳು ನನ್ನ ಬೆನ್ನು ತಟ್ಟಿದರು.