ಲೊರೇನ್ ಕುಜ್ಮಾ ಮಾಡಿದ ಒಂದು ಫೋನು

ಓಹಾಯೋ ನದಿಯ ದಡದಲ್ಲಿರುವ ಹ್ಯಾರೋಬರ್ಗಿನ ಕೆಳಗೇರಿಯಲ್ಲಿ ಲೊರೇನ್ ಕುಜ್ಮಾಳ ಬಸ್ಸು ಹತ್ತದೆ ದೊಡ್ಡವರಾದವರು ಕಡಿಮೆ. ಶಾಲೆಯ ಹಳದಿ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದವಳು. ಯಾವ ಮಗು ತಿಂಡಿ ತಿನ್ನದೆ ಬರುತ್ತದೆ, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಯಾವ ಮನೆಯ ಅಪ್ಪ ದಿನವಿಡೀ ಜಗಲಿಯಲ್ಲಿ ಕೂತಿರುತ್ತಾನೆ, ಎಲ್ಲ ಅವಳಿಗೆ ಗೊತ್ತಿತ್ತು. ದಪ್ಪ ದನಿ, ದಪ್ಪ ಕೈ, ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದ ಸ್ವಭಾವ. ಗಂಡ ಸ್ಟ್ಯಾನ್ ಕುಲುಮೆಯ ಮುಂದೆ ದುಡಿದು ದುಡಿದು ಐವತ್ತಕ್ಕೇ ತೀರಿಕೊಂಡಿದ್ದ.

ಹಿಂದೆ ಆ ಊರಿನಲ್ಲಿ ಎಲ್ಲವೂ ಮೇಯರನ ಕೈಯಲ್ಲಿತ್ತು. ಅವನಿಗೆ ವೋಟು ಹಾಕಿದ ಬೀದಿಗಳ ಹಿಮ ಬೆಳಗಾಗುವುದರೊಳಗೆ ಸಾಫಾಗುತ್ತಿತ್ತು. ಹಾಕದ ಬೀದಿಯವರು ಮೂರು ದಿನ ಜಾರಿ ಬೀಳಬೇಕು. ನಗರಸಭೆಯ ಸದಸ್ಯರೂ ಅವನಿಗೆ ತಕ್ಕವರೇ. ಲೊರೇನಳ ಜೊತೆ ಓದಿದ ಓರೆನ್ ಟಿಬ್ಸ್ ನಗರಸಭೆಯ ಲಾರಿ ಓಡಿಸುತ್ತಿದ್ದ. ಒಂದು ಬೇಸಿಗೆ ಪೂರ್ತಿ ಅವನು ಲಾರಿ ಬಿಟ್ಟು ಒಬ್ಬ ಸದಸ್ಯನ ಭಾವಮೈದುನನ ಮನೆಗೆ ಬಣ್ಣ ಬಳಿದ. ಆಗುವುದಿಲ್ಲ ಎಂದಿದ್ದರೆ ಮರುದಿನ ಕೆಲಸವೇ ಇರುತ್ತಿರಲಿಲ್ಲ.

ಎಂಬತ್ತೊಂದನೆಯ ಇಸವಿಯಲ್ಲಿ ಊರಿಗೆ ಹೊಸ ಸನ್ನದು, ಅಂದರೆ ಆಡಳಿತದ ಮೂಲ ನಿಯಮಾವಳಿ, ಬೇಕೆಂದು ಕೆಲವರು ಎದ್ದರು. ಅದರ ಪ್ರಕಾರ ಮೇಯರ್ ಹೆಸರಿಗಷ್ಟೇ. ಏಳು ಜನ ಸದಸ್ಯರು ನಿಯಮ ಮಾಡುವವರು, ಅವರು ನೇಮಿಸಿದ ಮ್ಯಾನೇಜರ್ ಊರು ನಡೆಸುವವನು. ಲೊರೇನ್ ಆ ಕರಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೇರಿಯ ಮನೆಮನೆಗೂ ಹೋದಳು. ರಜೆ ಹಾಕಿ ಓರೆನನೂ ಜೊತೆಗೆ ಬರುತ್ತಿದ್ದ.

"ಇಲ್ನೋಡಿ, ಇದೇ ಮುಖ್ಯ," ಎಂದು ಅವಳು ಬಾಗಿಲಲ್ಲೇ ನಿಂತು ಓದುತ್ತಿದ್ದಳು. "ಸದಸ್ಯರು ನಗರದ ಯಾವ ನೌಕರನಿಗೂ ಬಹಿರಂಗವಾಗಿಯಾಗಲಿ ಗುಟ್ಟಾಗಿಯಾಗಲಿ ಆದೇಶ ಕೊಡತಕ್ಕದ್ದಲ್ಲ. ಏನಿದ್ದರೂ ಮ್ಯಾನೇಜರನ ಮೂಲಕವೇ. ಮೀರಿದವರ ಸ್ಥಾನ ಹೋಗತಕ್ಕದ್ದು. ತಿಳೀತಾ? ಇನ್ಮೇಲೆ ನಮ್ಮ ಓರೆನ್ ಯಾವನ ಭಾವಮೈದನ ಮನೆಗೂ ಬಣ್ಣ ಬಳಿಯೋ ಹಾಗಿಲ್ಲ."

ಸನ್ನದು ಗೆದ್ದಿತು. ಒಂದೆರಡು ವರ್ಷ ಊರು ನಿಜಕ್ಕೂ ನೇರವಾಗಿ ನಡೆಯಿತು. ಓರೆನ್ ತನ್ನ ಯೋಗ್ಯತೆಯಿಂದಲೇ ಮೇಸ್ತ್ರಿಯಾದ.

ಹನ್ನೆರಡು ವರ್ಷಗಳಾದ ಮೇಲೆ ಕೆಳಗೇರಿಯವರು ಲೊರೇನಳನ್ನೇ ಸದಸ್ಯೆಯಾಗಿ ಆರಿಸಿದರು. ಅಷ್ಟು ಹೊತ್ತಿಗೆ ಮ್ಯಾನೇಜರ್ ಆಗಿದ್ದವನು ವಿಟ್ಕಾಂಬ್ ಎಂಬುವನು. ಇಸ್ತ್ರಿ ಮುರಿಯದ ಅಂಗಿ, ಏರದ ದನಿ. ಗುಡ್ಡದ ಮೇಲೆ ಎದ್ದ ಹೊಸ ಬಡಾವಣೆಯ ಒಳಚರಂಡಿಯನ್ನು ಅವನು ಕೆಳಗೇರಿಯ ಹಳೆಯ ಕೊಳವೆಗೆ ಜೋಡಿಸಲು ಬಿಟ್ಟಿದ್ದ. ಮೇಲಿನವರ ನೀರೆಲ್ಲ ಕೆಳಗಿನವರ ಮನೆಯೊಳಗೆ ಉಕ್ಕತೊಡಗಿತು. ಲೊರೇನ್ ಪ್ರತಿ ಸಭೆಯಲ್ಲೂ ಎದ್ದು ಕೇಳುತ್ತಿದ್ದಳು.

"ಅಧ್ಯಯನ ನಡೀತಿದೆ, ಮಿಸೆಸ್ ಕುಜ್ಮಾ," ಎನ್ನುತ್ತಿದ್ದ ವಿಟ್ಕಾಂಬ್.

"ಅಧ್ಯಯನ ಮಾಡೋರನ್ನ ಒಂದ್ಸಲ ನಮ್ಮ ನೆಲಮಾಳಿಗೇಲಿ ಇಳಿಸಿ ಸ್ವಾಮಿ, ಬೇಗ ಮುಗಿಯುತ್ತೆ."

ಜನ ನಕ್ಕರು. ವಿಟ್ಕಾಂಬ್ ನಗಲಿಲ್ಲ. ಅವನ ನೇಮಕ ಮುಂದುವರಿಸುವ ಮಾತು ಬಂದಾಗ ಬೇಡವೆಂದು ಕೈಯೆತ್ತಿದವಳು ಅವಳೊಬ್ಬಳೇ.

ಅದಾದ ಫೆಬ್ರವರಿಯಲ್ಲಿ ಹಿಮ ಒಮ್ಮೆಲೇ ಕರಗಿತು. ಒಂದು ಶುಕ್ರವಾರ ಮಧ್ಯಾಹ್ನ ಲೊರೇನ್ ಪಕ್ಕದ ಬೀದಿಯ ಆಗ್ನೆಸ್ ಪಾವ್ಲಿಕ್ ಅಜ್ಜಿಯ ಮನೆಗೆ ಹೋದಾಗ, ಎಂಬತ್ತೊಂದು ವರ್ಷದ ಆ ಮುದುಕಿ ನೆಲಮಾಳಿಗೆಯ ಕೊಳಚೆಯಲ್ಲಿ ಮೊಣಕಾಲುದ್ದ ನಿಂತು ಉಪ್ಪಿನಲ್ಲಿ ಹಾಕಿಟ್ಟ ಎಲೆಕೋಸಿನ ಜಾಡಿಗಳನ್ನು ಮೆಟ್ಟಿಲ ಮೇಲೆ ಎತ್ತಿಡುತ್ತಿದ್ದಳು. ಮನೆ ಕಾಯಿಸುವ ಬಾಯ್ಲರ್ ಆರಿಹೋಗಿತ್ತು.

ಲೊರೇನ್ ಅಲ್ಲಿಂದಲೇ ಮ್ಯಾನೇಜರನ ಕಚೇರಿಗೆ ಫೋನು ಮಾಡಿದಳು. ಎತ್ತಿಕೊಂಡವಳು ಅವನ ಕಾರ್ಯದರ್ಶಿ.

"ಸಾಹೇಬ್ರು ಕೊಲಂಬಸ್‌ನಲ್ಲಿ ಸಮ್ಮೇಳನಕ್ಕೆ ಹೋಗಿದಾರೆ ಮೇಡಂ. ಸೋಮವಾರ ಬರ್ತಾರೆ."

"ಅವರ ಬದಲಿಗೆ ಯಾರಿದಾರೆ?"

"ಅರ್ಜಿ ಇದೆ ಮೇಡಂ. ಹಸಿರು ಹಾಳೇದು, ತುಂಬಿಕೊಡಿ."

ಲೊರೇನ್ ಫೋನು ಇಟ್ಟಳು. ಆಮೇಲೆ ಓರೆನ್ ಕೆಲಸ ಮಾಡುವ ನಗರಸಭೆಯ ಲಾರಿ ಶೆಡ್ಡಿಗೆ ಮಾಡಿದಳು.

"ಲೋರಿ, ನೀನು ನನಗೆ ಫೋನ್ ಮಾಡೋ ಹಾಗಿಲ್ಲ ಕಣೇ," ಎಂದ ಅವನು, ಎಲ್ಲ ಕೇಳಿಸಿಕೊಂಡು. "ಮನೆಮನೆಗೆ ಹೋಗಿ ಓದಿದೋಳು ನೀನೇ."

"ಗೊತ್ತು ಕಣೋ."

"ಗೊತ್ತಿದ್ದೂ ಮಾಡ್ತಿದೀಯಲ್ಲ ಮಾರಾಯ್ತಿ."

"ರಾತ್ರಿ ಮತ್ತೆ ಹೆಪ್ಪುಗಟ್ಟೋ ಚಳಿ ಅಂತೆ. ಈ ಮುದುಕಿ ಸೋಮವಾರದವರೆಗೂ ಇರ್ತಾಳಾ? ಲಾರಿ ತಗೊಂಡು ಬಾ."

ಅವನು ನಕ್ಕ. "ಇದು ಆದೇಶಾನಾ, ಸದಸ್ಯರೇ?"

"ಹ್ಞೂಂ, ಆದೇಶ ಅಂತಲೇ ಇಟ್ಕೋ. ಬಾ ಬೇಗ."

ಅರ್ಧ ಗಂಟೆಯಲ್ಲಿ ಲಾರಿ ಬಂತು. ಓರೆನ್ ಕೊಳವೆ ಇಳಿಸಿ ಕಟ್ಟಿಕೊಂಡಿದ್ದ ಚರಂಡಿಯನ್ನು ಬಿಡಿಸಿದ, ನೀರು ಹೀರಿಸಿದ, ಬಾಯ್ಲರನ್ನೂ ಹಚ್ಚಿಕೊಟ್ಟ.

ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಪಾವ್ಲಿಕ್ ಅಜ್ಜಿಗೆ ಉಪಕಾರ ಮಾಡಿದವರನ್ನು ನೆನೆಯದೆ ಇರುವುದು ಗೊತ್ತಿರಲಿಲ್ಲ. ಊರಿನ ಪತ್ರಿಕೆಗೆ ಓಲೆ ಬರೆದಳು: ನಮ್ಮ ಲೊರೇನ್ ಒಂದೇ ಒಂದು ಫೋನು ಮಾಡಿದಳು, ಲಾರಿ ಬಂತು, ದೇವರು ಅವಳನ್ನು ಚೆನ್ನಾಗಿಡಲಿ. ಪತ್ರಿಕೆಯವರು ಅದನ್ನು ಅಜ್ಜಿಯ ಫೋಟೋ ಸಮೇತ ಹಾಕಿದರು. ವಿಟ್ಕಾಂಬ್ ಅದನ್ನು ಕತ್ತರಿಸಿ ಏಳೂ ಸದಸ್ಯರಿಗೆ ಕಳಿಸಿದ. ಜೊತೆಗೊಂದು ಸಾಲು ಬರೆಯಲೂ ಇಲ್ಲ.

ಲೊರೇನಳ ಸ್ಥಾನ ಉಳಿಯಬೇಕೋ ಹೋಗಬೇಕೋ ಎಂದು ಏಪ್ರಿಲಿನಲ್ಲಿ ನಗರಸಭೆಯ ಮುಂದೆ ವಿಚಾರಣೆ ನಡೆಯಿತು. ಸಭಾಂಗಣ ತುಂಬಿತ್ತು. ಓರೆನನನ್ನು ಪ್ರಮಾಣ ಮಾಡಿಸಿ ಕೂರಿಸಿದರು.

"ಆದೇಶ ಎಂಬ ಮಾತು ಬಂತೇ?" ಎಂದು ನಗರಸಭೆಯ ವಕೀಲ ಕೇಳಿದ.

ಓರೆನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ತಮಾಷೆಗೆ ಬಂತು ಸಾರ್."

"ಬಂತೋ ಇಲ್ಲವೋ?"

"ಬಂತು."

ವಕೀಲ ಲೊರೇನಳ ಕಡೆ ತಿರುಗಿದ. "ಈ ನಿಯಮ ತಪ್ಪು ಅಂತೀರಾ, ಮಿಸೆಸ್ ಕುಜ್ಮಾ?"

ಹಾಗೆಂದುಬಿಟ್ಟಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿಯಮ ಸರಿಯಾಗೇ ಇದೆ," ಎಂದಳು. "ನಾನು ಮುರಿದೆ, ಅದೂ ನಿಜ. ಆದರೆ ಗುಡ್ಡದ ನೀರನ್ನ ನಮ್ಮ ಕೊಳವೆಗೆ ಬಿಟ್ಟೋರಿಗೆ ಯಾವ ನಿಯಮ ಅಂತ ಹೇಳಿ. ಅದನ್ನ ಯಾವ ಪುಟದಲ್ಲಿ ಬರೆದಿದೀರಿ?"

"ಈ ಹೊತ್ತಿನ ವಿಷಯ ಅದಲ್ಲ," ಎಂದ ಸಭೆ ನಡೆಸುತ್ತಿದ್ದ ಈಗಿನ ಮೇಯರ್.

ಐದು ಕೈಗಳು ಅವಳ ವಿರುದ್ಧ ಎದ್ದವು, ಒಂದು ಅವಳ ಪರವಾಗಿ. ಹೊರಗೆ ಬರುವಾಗ ಆ ಐವರಲ್ಲೊಬ್ಬ ಅವಳ ಕೈ ಹಿಡಿದು, "ಮನಸ್ಸಿಗೆ ಹಚ್ಕೋಬೇಡ ಲೋರಿ, ಸನ್ನದು ಅಂದ್ಮೇಲೆ ಸನ್ನದು," ಎಂದ. ಹಿಂದಿನ ಕಾಲದಲ್ಲಿ ಮೇಯರನ ಬಾಲ ಹಿಡಿದು ತಿರುಗುತ್ತಿದ್ದವನು ಅವನು. ಲೊರೇನ್ ಕೈ ಕಿತ್ತುಕೊಂಡಳು.

ಖಾಲಿಯಾದ ಸ್ಥಾನಕ್ಕೆ ಉಳಿದ ಆರು ಜನರೇ ಒಬ್ಬನನ್ನು ತುಂಬಿಕೊಂಡರು. ಅವನು ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮ್ಯಾನೇಜರನ ಅನುಮತಿಯಿಲ್ಲದೆ ಹೋದ ತಪ್ಪಿಗೆ ಓರೆನನನ್ನು ಮೇಸ್ತ್ರಿಕೆಯಿಂದ ಇಳಿಸಿ ಕಸದ ಲಾರಿಗೆ ಹಾಕಿದರು. ನಿವೃತ್ತಿಗೆ ಇನ್ನು ಮೂರೇ ವರ್ಷವಿತ್ತು. ಲೊರೇನ್ ಎರಡು ಸಲ ಅವನ ಮನೆಗೆ ಹೋದಳು. ಎರಡು ಸಲವೂ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಮಲಗಿದಾರೆ," ಎಂದಳು. ಹೊತ್ತು ನೋಡಿದರೆ ಸಂಜೆ ಐದೂ ಆಗಿರಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಪಾವ್ಲಿಕ್ ಅಜ್ಜಿಯ ನೆಲಮಾಳಿಗೆ ಮತ್ತೆ ತುಂಬಿತು. ಲೊರೇನ್ ಓರೆನನ ಮನೆಗೆ ಫೋನು ಮಾಡಿದಳು. ಈ ಸಲ ಅವನೇ ಎತ್ತಿಕೊಂಡ.

"ನಾನೀಗ ಸದಸ್ಯೆ ಅಲ್ಲ ಕಣೋ," ಎಂದಳು. "ಊರಿನ ಬರೀ ಒಬ್ಬ ಹೆಂಗಸು. ಊರಿನೋರು ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಫೋನ್ ಮಾಡ್ಬಹುದು, ಸನ್ನದು ಬೇಡ ಅನ್ನಲ್ಲ. ಶೆಡ್ಡಿನೋರಿಗೆ ಒಂದ್ಮಾತು ಹೇಳ್ತೀಯಾ?"

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು.

"ಹಸಿರು ಹಾಳೆ ತುಂಬಿಕೊಡಿ, ಮಿಸೆಸ್ ಕುಜ್ಮಾ," ಎಂದು ಓರೆನ್ ಫೋನು ಇಟ್ಟ.

ಅಜ್ಜಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. "ಬರ್ತಾರಂತಾ ಮಗಳೇ?"

"ಬರ್ತಾರೆ," ಎಂದು ಲೊರೇನ್ ಬಕೆಟ್ಟು ಹಿಡಿದು ಕೆಳಗಿಳಿದಳು.

ಹಸಿರು ಹಾಳೆ ಕೊಟ್ಟು ಐದು ದಿನ ಕಳೆದ ಮೇಲೆ ಶೆಡ್ಡಿನವರು ಬಂದರು. ಅಷ್ಟರಲ್ಲಿ ಬಾಯ್ಲರ್ ಪೂರ್ತಿ ಕೆಟ್ಟುಹೋಗಿ, ಅಜ್ಜಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ್ದಳು. ಬಂದವರಿಗೆ ಬಾಗಿಲು ತೆರೆದು, ಅವರ ಕಾಗದದಲ್ಲಿ ತೋರಿಸಿದಲ್ಲಿ ಸಹಿ ಹಾಕಿದವಳು ಲೊರೇನ್.