ಖಾಲಿ ಗ್ಯಾಲರಿಯ ಗದ್ದಲ

ನನ್ನ ಹುಟ್ಟೂರು ಆಳಂದ ತಾಲೂಕಿನ ಸರಸಂಬಾ. ಹೈಸ್ಕೂಲು ಓದಲೆಂದು ಅಪ್ಪ ನನ್ನನ್ನು ಜೇವರ್ಗಿಯಲ್ಲಿದ್ದ ತನ್ನ ಅಕ್ಕನ ಮನೆಗೆ ತಂದು ಬಿಟ್ಟ. ನಾನು ಅತ್ತಿ ಎಂದು ಕರೆಯುತ್ತಿದ್ದ ಅವಳಿಗೆ ಮಕ್ಕಳಿರಲಿಲ್ಲ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತಿ ಮನೆಯ ಮುಂದಿನ ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಬೆಳಗಿನಿಂದ ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಆದರೆ ಆ ವರ್ಷ ಚಳಿಗಾಲದ ಒಂದು ದಿನ ಮಧ್ಯಾಹ್ನವೇ ಅದು ನಿಂತಿತು. ಅತ್ತಿ ಒಲೆ ಆರಿಸಿ, ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟುಕೊಂಡು ನಿಂತಿದ್ದಳು.

"ನಡಿಯವ್ವಾ, ಬಾಲ್ ನೋಡ್ಲಿಕ್ಕೆ ಹೋಗಮು," ಅಂದಳು.

ಫುಟ್‌ಬಾಲ್ ಅನ್ನುವುದನ್ನು ನಾನು ಮೊದಲು ನೋಡಿದ್ದು ಹಾಗೆ. ಮಾವ ಹರೆಯದಲ್ಲಿ ಡಿಪೋ ಟೀಮಿನಲ್ಲಿ ಆಡಿದವನು. ಮೊಣಕಾಲು ಕೆಟ್ಟ ಮೇಲೆ ನೋಡುವುದಷ್ಟೇ. ಮದುವೆಯಾದ ಹೊಸದರಲ್ಲಿ ಅತ್ತಿಯನ್ನು ಮೈದಾನಕ್ಕೆ ಕರೆದೊಯ್ದಿದ್ದನಂತೆ. ಆಮೇಲೆ ಅವನಿಗಿಂತ ಇವಳಿಗೇ ಆಟದ ಹುಚ್ಚು ಹೆಚ್ಚಾಯಿತು. ಪ್ರತಿ ವರ್ಷ ಸುಗ್ಗಿಯ ರಾಶಿಗೆ ಮುಂಚೆ ಊರಿನಲ್ಲಿ ಒಂದು ಟೂರ್ನಮೆಂಟ್ ನಡೆಯುತ್ತಿತ್ತು. ಸೊಲ್ಲಾಪುರ, ಬೀದರ, ವಿಜಯಪುರ ಕಡೆಯಿಂದ ಟೀಮುಗಳು ಬರುತ್ತಿದ್ದವು. ಕೆಂಪು ಮರಂ ಮಣ್ಣು ಹಾಕಿ ಗಟ್ಟಿ ಮಾಡಿದ ಮೈದಾನ, ಸುತ್ತ ಸುಣ್ಣದ ಗೆರೆ. ಗೆರೆಗೆ ಮೊಣಕಾಲು ತಾಗಿಸಿ ಜನ ಕೂತಿರುತ್ತಿದ್ದರು. ಅಂದೋಲಾ, ಇಜೇರಿ ಕಡೆಯವರು ಟಂಟಂ ಆಟೋದಲ್ಲಿ ಜೋತು ಬೀಳುತ್ತ ಬರುತ್ತಿದ್ದರು. ಹಲಗಿ ಬಾರಿಸುವವರು, ಮಂಡಾಳ ಭಜಿ ಮಾರುವವರು, ಮರದ ಮೇಲೆ ಏರಿದವರು. ಹೆಣ್ಣುಮಕ್ಕಳು ಕಡಿಮೆ, ಆದರೆ ಇದ್ದರು. ಯಾರಿಗೂ ಒಂದು ಪೈಸೆ ಕೊಡಬೇಕಾಗಿರಲಿಲ್ಲ.

ಎಲ್ಲ ಒಮ್ಮೆಲೇ ಬದಲಾಗಲಿಲ್ಲ. ಮೊದಲು ಹಗ್ಗ ಬಂತು. ಮುಂದಿನ ವರ್ಷ ಸುತ್ತಲೂ ತಗಡು. ದೂರದ ಟೀಮಿನವರು ಲಾಡ್ಜ್ ಕೇಳ್ತಾರ, ಊಟದ ಖರ್ಚು ಕೇಳ್ತಾರ, ನಾವೇನು ಮಾಡೂಣು ಅಂತ ಕಮಿಟಿಯವರು ಖಾನಾವಳಿಗೆ ಬಂದೇ ಹೇಳಿ ಹೋದರು. ಅವರದೂ ಸುಳ್ಳಲ್ಲ. ಟಿಕೆಟ್ ಸಣ್ಣದೇ ಇತ್ತು, ಜನ ಕೊಟ್ಟರು. ಆಮೇಲೆ ಸಿಮೆಂಟಿನ ಗ್ಯಾಲರಿ ಕಟ್ಟಿಸಿದರು, ಅದಕ್ಕೆ ಬೇರೆ ರೇಟು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗೆ ಇನ್ನೊಂದು ರೇಟು. ಮನೆಯಿಂದ ತಂದ ಶೇಂಗಾ ಒಳಗೆ ಬಿಡುತ್ತಿರಲಿಲ್ಲ, ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು. ಒಳಗೆ ಚಹಾದ ಕಪ್ಪು ಸಣ್ಣದಾಗುತ್ತ ಹೋಯಿತು.

ಇಜೇರಿಯಿಂದ ಒಬ್ಬ ಹಿರಿಯ ತನ್ನ ಮಕ್ಕಳು, ತಮ್ಮನ ಮಕ್ಕಳು ಎಲ್ಲರನ್ನೂ ಕರೆದುಕೊಂಡು ಬರುತ್ತಿದ್ದ. ಆಟ ಮುಗಿದ ಮೇಲೆ ನಮ್ಮಲ್ಲೇ ಊಟ. ಒಂದು ವರ್ಷ ಸಣ್ಣವರನ್ನು ಬಿಟ್ಟು ಬಂದ. ಇನ್ನೊಂದು ವರ್ಷ ಒಬ್ಬನೇ ಬಂದು, ಉಣ್ಣದೆ ನೀರಷ್ಟೇ ಕುಡಿದು ಹೋದ. ಆಮೇಲೆ ಬರಲಿಲ್ಲ. ಜಗಳವಿಲ್ಲ, ಬೇಸರದ ಮಾತಿಲ್ಲ. ಗೆರೆಯ ಹತ್ತಿರ ಅವನು ಕೂರುತ್ತಿದ್ದ ಜಾಗ ಬರಿದಾಯಿತು, ಅಷ್ಟೇ. ಹೀಗೇ ಒಬ್ಬೊಬ್ಬರು.

ನಮ್ಮ ಮನೆಯಲ್ಲೂ ಅದೇ ಆಯಿತು. ಅಷ್ಟು ಹೊತ್ತಿಗೆ ನನಗೆ ಊರಲ್ಲೇ ಒಂದು ಸೊಸೈಟಿಯ ಆಫೀಸಿನಲ್ಲಿ ಕೆಲಸ ಸಿಕ್ಕು ಅತ್ತಿಯ ಜೊತೆಗೇ ಉಳಿದಿದ್ದೆ. ಆ ಚಳಿಗಾಲ ರೇಟು ಮತ್ತೆ ಏರಿತ್ತು. ಮೂರೂ ಮಂದಿ ಹೋಗಬೇಕೆಂದರೆ ಖಾನಾವಳಿಯ ಒಂದು ದಿನದ ವ್ಯಾಪಾರ ಹೋಗುತ್ತಿತ್ತು.

ಮಾವ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಂಡವನು ಬಿಚ್ಚಿ ಒಳಗೆ ಬಂದ. "ಈ ವರ್ಷ ಬಿಡಮು. ಮುಂದಿನ ವರ್ಷ ನೋಡಮು," ಅಂದ. ಅತ್ತಿ, "ಹೌದ್ರಿ, ಬಿಡ್ರಿ," ಅಂದಳು. ಆ ಸಂಜೆ ಮೂವರೂ ಟಿವಿ ಮುಂದೆ ಕೂತೆವು. ಏನು ನೋಡಿದೆವೋ ನೆನಪಿಲ್ಲ.

ಮುಂದಿನ ವರ್ಷಕ್ಕೆ ಮಾವ ಇರಲಿಲ್ಲ. ಎರಡನೇ ಸಲದ ಕರೋನಾ ಅವನನ್ನು ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ತಿರುಗಿ ಕಳಿಸಲಿಲ್ಲ.

ಅತ್ತಿ ಅದರ ನಂತರ ಆಟದ ಮಾತೇ ಎತ್ತಲಿಲ್ಲ. ಟೂರ್ನಮೆಂಟು ಒಂದೆರಡು ವರ್ಷ ನಿಂತು ಮತ್ತೆ ಶುರುವಾಯಿತು. ಗೋಡೆಗೆ ಪೋಸ್ಟರ್ ಹತ್ತುತ್ತಿದ್ದವು, ಅವಳು ಅತ್ತ ನೋಡುತ್ತಿರಲಿಲ್ಲ.

ಅದಾಗಿ ಮೂರನೆಯದೋ ನಾಲ್ಕನೆಯದೋ ಚಳಿಗಾಲ. ಭಾನುವಾರ, ಬಿಸಿಲು ಇನ್ನೂ ಚುರುಕಾಗಿತ್ತು. ಅತ್ತಿ ಹಿಟ್ಟು ನಾದುತ್ತಿದ್ದಳು, ನಾನು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದೆ. ಅವತ್ತು ಗಾಳಿ ನಮ್ಮ ಕಡೆ ತಿರುಗಿತ್ತು, ಮೈದಾನದ ಕಡೆಯಿಂದ ಗದ್ದಲ ತೇಲಿ ಬಂತು. ಸೀಟಿ, ಹಲಗಿ, ಸಾವಿರ ಜನ ಒಟ್ಟಿಗೆ ಉಸಿರು ಎಳೆದಂತೆ ಒಂದು "ಓ..." ಅನ್ನುವ ದನಿ.

ಅತ್ತಿಯ ಕೈ ನಿಂತಿತು. "ಜನ ಸೇರ್ಯಾರಲ್ಲ!"

"ಫೈನಲ್ ಇರಬೇಕು," ಅಂದೆ.

ಹೊರಗೆ ಕಟ್ಟೆಯ ಮೇಲೆ ಅಂದೋಲಾ ರೂಟಿನ ಟಂಟಂ ಡ್ರೈವರು ಊಟಕ್ಕೆ ಕಾಯುತ್ತಿದ್ದ. ಅತ್ತಿ ಬಾಗಿಲಿಗೆ ಹೋಗಿ ಕೇಳಿದಳು. "ಏನಪಾ, ಅಂದೋಲಾದವರು ಭಾಳ ಮಂದಿ ಬಂದಾರೇನು ಆಟಕ್ಕ?"

"ಇಲ್ರಿ ಅಕ್ಕಾರ. ಇವತ್ತ ಬಾಲ್ ನೋಡಾಕಂತ ಒಬ್ರೂ ಹತ್ತಿಲ್ರಿ."

ಅತ್ತಿ ಓಣಿಯ ಆಚೀಚೆ ನೋಡಿದಳು. ಎದುರುಮನೆಯ ಕಿರಾಣಿಯವನು ಅಂಗಡಿಯಲ್ಲೇ ಕೂತಿದ್ದ. ಹಿಂದೆ ಒಂದೂ ಆಟ ತಪ್ಪಿಸದ ಪಕ್ಕದ ಮನೆಯ ಅಣ್ಣತಮ್ಮಂದಿರು ಮಂಚದ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದರು. ಹೇರ್‌ಕಟಿಂಗ್ ಅಂಗಡಿಯವನು, ದರ್ಜಿ, ಹಾಲಿನವನು, ಎಲ್ಲರೂ ಇಲ್ಲೇ ಇದ್ದರು. ಮೈದಾನದ ಕಡೆಯಿಂದ ಮತ್ತೆ ಆ ಗದ್ದಲ ಎದ್ದು ಬಂತು.

"ಎಲ್ಲಾರೂ ಇಲ್ಲೇ ಅದಾರ," ಅತ್ತಿ ಮೆಲ್ಲಗೆ ಅಂದಳು. "ಹಂಗಾದ್ರ ಅಲ್ಲಿ ಒದರಾಕತ್ತವರು ಯಾರು?"

ಅವಳು ಕೈ ತೊಳೆದುಕೊಂಡು ನಡೆದೇಬಿಟ್ಟಳು. ಡ್ರೈವರಿಗೆ ಬುಟ್ಟಿಯಲ್ಲಿದ್ದ ರೊಟ್ಟಿ ತೋರಿಸಿ ನಾನೂ ಹಿಂದೆ ಓಡಿದೆ.

ಗೇಟಿನಲ್ಲಿ ಒಬ್ಬ ವಯಸ್ಸಾದವನು ಟಿಕೆಟ್ ಬುಕ್ಕು ಹಿಡಿದು ತೂಕಡಿಸುತ್ತಿದ್ದ. ಅತ್ತಿ ಸೆರಗಿನ ಗಂಟಿಗೆ ಕೈ ಹಾಕಿದಳು. "ಹೋಗ್ರಿ ಒಳಗ, ಯಾರ್ ಕೇಳ್ತಾರ," ಅಂದ ಅವನು. ತಗಡಿನಾಚೆ ಜನರ ಅಬ್ಬರ ಕಿವಿ ತುಂಬುತ್ತಿತ್ತು. ನಾವು ತಿರುವು ದಾಟಿ ಒಳಗೆ ಕಾಲಿಟ್ಟೆವು.

ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ.

ಸಿಮೆಂಟಿನ ಮೆಟ್ಟಿಲು ಮೇಲಿನ ತನಕ ಬರಿದು. ಬಿಳಿ ಬಟ್ಟೆಯ ಕುರ್ಚಿಗಳು ಸಾಲಾಗಿ ಕೂತಿದ್ದವು, ಗಾಳಿಗೆ ಅವುಗಳ ಅಂಚು ಅಲುಗುತ್ತಿತ್ತು. ಮೈದಾನದಲ್ಲಿ ಎರಡು ಟೀಮು ಓಡುತ್ತಿದ್ದವು. ಪೆಂಡಾಲಿನಲ್ಲಿ ಕಮಿಟಿಯ ನಾಲ್ಕಾರು ಜನ, ಒಂದು ಕ್ಯಾಮೆರಾ. ಮೈಕಿನವನು, "ಕಿಕ್ಕಿರಿದು ನೆರೆದಿರುವ ಕ್ರೀಡಾಭಿಮಾನಿಗಳೇ" ಅನ್ನುತ್ತಿದ್ದ. ಗ್ಯಾಲರಿಯ ಎರಡೂ ತುದಿಗೆ ಕಂಬಕ್ಕೆ ಕಟ್ಟಿದ ದೊಡ್ಡ ಸ್ಪೀಕರ್‌ಗಳಿಂದ ಸಾವಿರ ಜನ ಕೂಗುತ್ತಿದ್ದರು.

ಸೌಂಡಿನ ಮಷೀನ್ ಹತ್ತಿರ ಕೂತವನನ್ನು ಕೇಳಿದೆ. "ಲೈವ್ ಹೊಂಟದ್ರಿ ಮೊಬೈಲಿನಾಗ," ಅಂದ. "ಆವಾಜ್ ಇಲ್ದಿದ್ರ ನೋಡೋರಿಗೆ ಭಣಭಣ ಅನಸ್ತದ ಅಂತ ಕಮಿಟಿಯವರು ಹಚ್ಚಂದ್ರು. ಹಳೀ ಫೈನಲ್ಲಿಂದು ಒಂದು ವಿಡಿಯೋ ಸಿಕ್ತು, ಅದ್ರಾಗಿಂದ ಆವಾಜ್ ತಗೊಂಡು ತಿರಿಗಿ ತಿರಿಗಿ ಹಚ್ಚೇನಿ."

ಇಷ್ಟೇ ಏನು ಅಂದುಕೊಂಡೆ, ಹಗುರಾಯಿತು. ಅತ್ತಿಗೆ ಹೇಳೋಣವೆಂದು ತಿರುಗಿದಾಗ ಸ್ಪೀಕರಿನಿಂದ ಒಂದು ಹೆಣ್ಣುದನಿ ಉಳಿದೆಲ್ಲ ದನಿಗಳನ್ನು ಸೀಳಿಕೊಂಡು ಬಂತು.

"ಒದಿಯೋ ನನ್ನ ರಾಜಾ, ಒದಿ!"

ಅದು ಅತ್ತಿಯ ದನಿ. ಹಾಗೆ ಕೂಗುವವರು ಈ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳ ತುಟಿಗಳು ಮುಚ್ಚಿದ್ದವು.

ಅದರ ಬೆನ್ನಿಗೇ, ರೆಕಾರ್ಡು ಮಾಡಿದವನ ಪಕ್ಕದಲ್ಲೇ ಕೂತಿದ್ದನೇನೋ ಅನ್ನುವಷ್ಟು ಹತ್ತಿರದಿಂದ, ಒಬ್ಬ ಗಂಡಸು ನಕ್ಕ. "ಏ ಸಾಕ ಮಾಡ, ಗಂಟ್ಲ ಹರೀತದ," ಅಂದ. ನಗೆ ಕೆಮ್ಮಾಗಿ ಮತ್ತೆ ನಗೆಯಾಯಿತು. ಆಮೇಲೆ ಹಲಗಿಯ ಸದ್ದು ಎಲ್ಲವನ್ನೂ ಮುಚ್ಚಿತು.

ಮಾವ.

"ಕೇಳಿದೇನು?" ಅತ್ತಿ ಕೇಳಿದಳು.

"ಹ್ಞೂಂ. ನಡಿ ಅತ್ತಿ, ಮನಿಗಿ ಹೋಗಮು."

"ತಡಿ. ತಿರಿಗಿ ತಿರಿಗಿ ಹಚ್ಚೇನಿ ಅಂದನಲ್ಲ? ಮತ್ತ ಬರ್ತದ."

ಅವಳು ಹೋಗಿ ಸ್ಪೀಕರಿನ ಕಂಬ ಹಿಡಿದು ಕೆಳಗೆ ನಿಂತಳು. ಮೈದಾನಕ್ಕೆ ಬೆನ್ನು ಮಾಡಿ, ಬಸ್ಸಿಗೆ ಕಾಯುವವರ ಹಾಗೆ. ಸೀಟಿ ಬಂತು, "ಓ..." ಬಂತು, ಯಾರದೋ ಕೂಸು ಅತ್ತಿತು, ಮತ್ತೆ ಅವಳ ಕೂಗು, ಮತ್ತೆ ಆ ನಗೆ. ಅವಳು ಕಣ್ಣು ಮುಚ್ಚಿಕೊಂಡಳು. ಹಲಗಿ ಬಂದ ಕೂಡಲೇ ಕಣ್ಣು ತೆರೆದು ಮತ್ತೆ ಕಾದಳು. ಎಷ್ಟು ಸಲ ಹಾಗಾಯಿತೋ. ಆಟದ ಒಂದು ಭಾಗ ಮುಗಿದು ಇನ್ನೊಂದು ಶುರುವಾಯಿತು. ಖಾಲಿ ಮೆಟ್ಟಿಲುಗಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅಲ್ಲಿ ನಿಜವಾಗಿಯೂ ಯಾರೂ ಇಲ್ಲವೇ ಅನ್ನುವ ಅನುಮಾನ ಹುಟ್ಟಿತ್ತು. ಇಜೇರಿಯ ಆ ಹಿರಿಯ, ಅವನ ಮಕ್ಕಳು, ಮರ ಏರಿದವರು, ಎಲ್ಲರೂ ಆ ದನಿಯೊಳಗೆ ಇರಲೇಬೇಕಲ್ಲ. ನಾನೂ ಇದ್ದೆ. ಆವತ್ತು ಮಾವನ ಆ ಕಡೆ ಕೂತಿದ್ದೆ.

ಆಗ ಕರೆಂಟ್ ಹೋಯಿತು.

ಸಾವಿರ ಜನ ಒಂದೇ ಕ್ಷಣದಲ್ಲಿ ಸತ್ತುಹೋದಂತೆ ಮೌನ ಬಿತ್ತು. ಆಟಗಾರರೂ ಬೆಚ್ಚಿ ನಿಂತರು. ಕೆಲವರು ಗ್ಯಾಲರಿಯ ಕಡೆ ತಲೆ ಎತ್ತಿದರು. ಆಮೇಲೆ ಒಬ್ಬ ಬಾಲನ್ನು ಮುಂದೆ ತಳ್ಳಿದ. ಬೂಟು ಮರಂ ಮೇಲೆ ಉಜ್ಜುವುದು, ಅವರು ಏದುಸಿರು ಬಿಡುವುದು ಎಲ್ಲ ನಮ್ಮ ತನಕ ಕೇಳುತ್ತಿತ್ತು. ಅತ್ತಿ ಕಂಬ ಬಿಟ್ಟು ನಿಧಾನಕ್ಕೆ ಮೈದಾನದ ಕಡೆ ತಿರುಗಿದಳು. ವಿಜಯಪುರದವರ ಗೋಲಿನ ಮುಂದೆ ಒಬ್ಬ ಹುಡುಗ ಬಾಲು ಸಿಕ್ಕು ಒಂಟಿಯಾಗಿ ನಿಂತಿದ್ದ, ಒದೆಯಲೋ ಬೇಡವೋ ಅನ್ನುವ ಹಾಗೆ.

"ಒದಿಯೋ ನನ್ನ ರಾಜಾ!"

ಈ ಸಲ ಅವಳೇ ಕೂಗಿದ್ದು. ದನಿ ಒಡೆದಿತ್ತು, ಅರ್ಧಕ್ಕೇ ನಿಂತಿತು. ಹುಡುಗ ಒದೆಯಲಿಲ್ಲ, ಹೊರಳಿ ನೋಡಿದ. ಗೋಲ್‌ಕೀಪರನೂ ನೋಡಿದ. ಮೈದಾನದಲ್ಲಿದ್ದ ಎಲ್ಲರೂ ಕರೆಂಟಿಲ್ಲದ ಸ್ಪೀಕರನ್ನೊಮ್ಮೆ, ಅದರ ಕೆಳಗೆ ನಿಂತ ಅತ್ತಿಯನ್ನೊಮ್ಮೆ ನೋಡಿದರು. ಬಾಲು ತನ್ನಷ್ಟಕ್ಕೆ ಉರುಳಿ ಗೆರೆ ದಾಟಿತು. ರೆಫ್ರಿ ಸೀಟಿ ಊದುವುದನ್ನೂ ಮರೆತ.

ಆಟ ಮುಗಿದ ಮೇಲೆ ಆ ವಿಜಯಪುರದ ಗೋಲ್‌ಕೀಪರ್ ನಮ್ಮ ಹತ್ತಿರ ಬಂದ. ಎತ್ತರದ ಆಳು, ಆದರೆ ಮುಖದಲ್ಲಿ ಅಳುಕು.

"ಯವ್ವಾ, ಆ ದನಿ ನಿಮ್ಮದೇನ್ರಿ?"

"ಹೌದಪಾ."

"ಮೂರು ದಿನದಿಂದ ಕೇಳಾಕತ್ತೇವ್ರಿ. ಆ ಹೆಣ್ಣುಮಗಳು ಯಾರು, ಇದ್ದಾಳೋ ಇಲ್ಲೋ ಅಂತ ರೂಮಿನಾಗ ಮಾತಾಡಿದ್ವಿ." ಅವನು ನಗಲು ನೋಡಿದ, ಆಗಲಿಲ್ಲ. "ಖರೇ ಹೇಳ್ತೇನ್ರಿ, ಅಂಜಿಕಿ ಬಂತು."

"ನಾ ಇನ್ನಾ ಅದೀನಪಾ," ಅಂದಳು ಅತ್ತಿ. "ನಕ್ಕೋರು ಇಲ್ಲ."

ಅವನು ಅವಳ ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಸೌಂಡಿನವನು ವಿಷಯ ತಿಳಿದು ಪೇಚಾಡಿಕೊಂಡ. ಮರುದಿನ ಖಾನಾವಳಿಗೇ ಬಂದು ಆ ತುಣುಕನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ. ಅತ್ತಿ ಒಂದು ವಾರ ರೊಟ್ಟಿ ಬಡಿಯುವಾಗ ಅದನ್ನು ಹಚ್ಚಿಸಿಕೊಂಡು ಕೇಳಿದಳು. ಮನೆಯೊಳಗೆ ಅದು ಬೇರೆಯೇ ಆಗಿ ಕೇಳುತ್ತಿತ್ತು. ಪಡಸಾಲೆಯಲ್ಲಿ ಜನ ತುಂಬಿದ್ದಾರೆ, ನಾವು ಅತ್ತ ಹೋದರೆ ಎದ್ದು ಹೋಗುತ್ತಾರೆ ಅನ್ನಿಸುತ್ತಿತ್ತು. ಊಟಕ್ಕೆ ಬಂದವರು ಸುತ್ತಮುತ್ತ ನೋಡಿ ಬೇಗ ಬೇಗ ಉಂಡು ಏಳುತ್ತಿದ್ದರು. ಒಂದು ಬೆಳಗ್ಗೆ ಅವಳೇ, "ಅದನ್ನ ತಗಿ," ಅಂದಳು.

"ಯಾಕತ್ತಿ?"

"ಅವರು ಒಂದ ಮಾತ ಎಷ್ಟ್ ಸಲ ಹೇಳ್ತಾರ? ಇದ್ದಾಗ ಹಂಗಿರಲಿಲ್ಲ. ದಿನಾ ಬ್ಯಾರೆ ಮಾತ ಆಡತಿದ್ರು."

ತೆಗೆದೆ.

ಮುಂದಿನ ವರ್ಷ ಕಮಿಟಿಯವರು ಟಿಕೆಟನ್ನೇ ತೆಗೆದರು. ಸ್ಪೀಕರಿನ ಗದ್ದಲವನ್ನೂ ಹಚ್ಚಲಿಲ್ಲ. ಆಟೋದಲ್ಲಿ ಮೈಕ್ ಕಟ್ಟಿ, ಪುಕ್ಕಟೆ ಅದ, ಎಲ್ಲಾರೂ ಬರ್ರಿ ಎಂದು ಓಣಿ ಓಣಿ ಕೂಗಿಸಿದರು. ಪಕ್ಕದ ಮನೆಯ ಅಣ್ಣತಮ್ಮಂದಿರು ಮಂಚದ ಮೇಲಿಂದ ಅದನ್ನು ಕೇಳಿ, "ಹೋಗಬೇಕು ಒಂದ್ಸಲ," ಅಂದರು. ಹೋಗಲಿಲ್ಲ. ಅವರಿಗೆ ಮನಸ್ಸಿಲ್ಲವೆಂದಲ್ಲ. ಆ ಹೊತ್ತಿಗೆ ಎದ್ದು ಹೊರಡುವುದು ಕಾಲಿಗೆ ಮರೆತುಹೋಗಿತ್ತು. ನಾನು ಅತ್ತಿಯನ್ನು ಕರೆದೆ.

"ಇವತ್ತ ಹಿಟ್ಟ ಭಾಳ ಅದ. ನೀ ಹೋಗಿ ಬಾ," ಅಂದಳು.

ಒಬ್ಬಳೇ ಹೋದೆ. ಗ್ಯಾಲರಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬರು ಕೂತಿದ್ದರು, ಒಬ್ಬರಿಗೊಬ್ಬರು ಕೇಳಿಸದಷ್ಟು ದೂರ ದೂರ. ಬಾಲು ಹತ್ತಿರ ಬಂದಾಗ ಕೂಗಬೇಕೆನ್ನಿಸಿತು, ಏನು ಕೂಗಬೇಕೋ ತಿಳಿಯಲಿಲ್ಲ. ನನ್ನಿಂದ ಮೂರು ಮೆಟ್ಟಿಲು ಕೆಳಗೆ ಕೂತ ಒಬ್ಬಾತ ಒಮ್ಮೆ ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದಕ್ಕೆ ನಾಚಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಬಿಸಿಲು ಇಳಿಯುತ್ತಿದ್ದಂತೆ ನನಗೆ ಅಲ್ಲಿ ಕೂರುವುದು ಆಗಲಿಲ್ಲ. ಎದ್ದು ಬಂದೆ.

ಅತ್ತಿ ಕೊನೆಯ ರೊಟ್ಟಿ ಬೇಯಿಸುತ್ತಿದ್ದಳು. "ಯಾರ್ ಗೆದ್ರು?" ಅಂದಳು, ತಲೆ ಎತ್ತದೆ.

ನನಗೆ ಗೊತ್ತಿರಲಿಲ್ಲ. ಆಡಿದ್ದು ಯಾವ ಟೀಮುಗಳು ಅನ್ನುವುದನ್ನೂ ನಾನು ಕೇಳಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ, ತಾಟು ತಗೊಂಡು ಬಾ, ಬಿಸಿ ಇದ್ದಾಗ ಉಣ್ಣಮು ಅಂದಳು.