ಅತ್ತೆ ಹಿಂದಕ್ಕೆ ಈಸಿಕೊಂಡ ಮಾತು

ನಮ್ಮತ್ತೆಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಓಲೆಯ ತೂತಿನಿಂದ ಕೆಳಗೆ ಪೂರ್ತಿ ಬಿಟ್ಟುಕೊಂಡು, ಗಾಯ ಮಾಗಿ, ಎರಡು ತುಂಡೂ ಬೇರೆ ಬೇರೆಯಾಗಿಯೇ ಗಟ್ಟಿಯಾಗಿದ್ದವು. ಮಗಳು ಹಾಲು ಕುಡಿಯುವ ಕೂಸಾಗಿದ್ದಾಗ ಓಲೆ ಹಿಡಿದು ಜಗ್ಗಿದ್ದಳಂತೆ. ಯಾರಾದರೂ ಡಾಕ್ಟರ ಹತ್ತಿರ ಹೋಗಿ ಹೊಲಿಸಿಕೊಳ್ಳಬಾರದೇ ಎಂದರೆ ಅತ್ತೆಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. "ನನ್ ಮಗಳು ಅರ್ದಿರೋದು. ನಿಂಗೇನಾಯ್ತದೆ ಕಷ್ಟ?" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದಳು. ಆ ಬೋಳು ಕಿವಿಯನ್ನು ಹಿತ್ತಿಲ ಕಡೆಗೆ ಕೊಟ್ಟು, ಕತ್ತನ್ನು ಒಂಚೂರು ವಾಲಿಸಿಕೊಂಡೇ ಅಕ್ಕಿ ಆರಿಸುತ್ತಿದ್ದಳು, ಸೊಪ್ಪು ಸೋಸುತ್ತಿದ್ದಳು, ನಮ್ಮ ಜೊತೆ ಮಾತಾಡುತ್ತಿದ್ದಳು. ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಕಾಣುವುದೇನು ಬಂತು, ಕೇಳಿಸಿಕೊಳ್ಳುತ್ತಲೇ ಇದ್ದಳು.

ಅತ್ತೆ ನಮ್ಮಪ್ಪನ ಅಕ್ಕ. ಗುಂಡ್ಲುಪೇಟೆಯಲ್ಲಿ ಹೆಂಚಿನ ಮನೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದು ಮಲ್ಲಿಗೆ ಚಪ್ಪರ. ಮಾವ ಬೇಗನೆ ತೀರಿಕೊಂಡರು. ಇದ್ದೊಬ್ಬ ಮಗಳು, ನನಗಿಂತ ಸ್ವಲ್ಪ ದೊಡ್ಡವಳು, ಶಾಲೆಗೆ ಹೋಗುವ ವಯಸ್ಸಿನಲ್ಲೇ ಕೆರೆಯಲ್ಲಿ ಮುಳುಗಿ ಸತ್ತಳು. ಬೆಳಗ್ಗೆ ಪೊಲೀಸರು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಸಂಜೆ ಬಿಳೀ ಬಟ್ಟೆಯಲ್ಲಿ ಸುತ್ತಿ ವಾಪಸ್ ತಂದರು. ಮುಖ ನೋಡಲು ಅತ್ತೆಯನ್ನು ಯಾರೂ ಬಿಡಲಿಲ್ಲ. ಕಾಲಿನ ಎರಡು ಬೆಳ್ಳಿ ಗೆಜ್ಜೆಗಳಲ್ಲಿ ಒಂದು ಕೆರೆಯಲ್ಲೇ ಉಳಿಯಿತು. ಇನ್ನೊಂದನ್ನು ಅತ್ತೆಯ ಕೈಗೆ ಕೊಟ್ಟರು. ಅವಳು ಅದನ್ನು ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದಳು.

ಅತ್ತೆ ಕೇಳಿಸಿಕೊಳ್ಳುತ್ತಿದ್ದದ್ದು ಕೆರೆಯಲ್ಲಿ ಉಳಿದ ಆ ಗೆಜ್ಜೆಯನ್ನು. ನಮ್ಮೂರು ಬೇಗೂರಿನಿಂದ ಅವಳ ಮನೆಗೆ ನಾನು ಪಿಯುಸಿ ಓದಲೆಂದು ಬಂದಾಗ ಮೊದಲ ವಾರವೇ ಹೇಳಿದಳು. ದೀಪ ಹಚ್ಚುವ ಹೊತ್ತು. ಅವಳು ತಟ್ಟನೆ ನನ್ನ ಕೈ ಹಿಡಿದಳು.

"ಕೇಳ್ತಾ? ಒಂದೆಜ್ಜೆ ಘಲ್, ಒಂದೆಜ್ಜೆ ಸುಮ್ನೆ. ಒಂದೆಜ್ಜೆ ಘಲ್, ಒಂದೆಜ್ಜೆ ಸುಮ್ನೆ. ಬಂದ್ಲು ನೋಡು."

ನನಗೆ ಏನೂ ಕೇಳಿಸಲಿಲ್ಲ. ಅವಳ ಕೈ ಬಿಡಿಸಿಕೊಂಡು ಒಳಗೆ ಓಡಿದೆ. ಆಮೇಲಾಮೇಲೆ ಅಭ್ಯಾಸವಾಯಿತು. ಸಂಜೆ ಹಿತ್ತಿಲ ಬಾಗಿಲನ್ನು ತೆರೆದಿಡುವುದು, ಹೊಸ್ತಿಲಿಗೆ ಅಡ್ಡ ಕೂರದಿರುವುದು ನನಗೂ ರೂಢಿಯಾಗಿಬಿಟ್ಟಿತು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆಲ್ಲ ಎಡೆ ಇಡುತ್ತೇವೆ. ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಬಂದು ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅತ್ತೆ ಮಾವನಿಗೆ ಇಡುತ್ತಿದ್ದಳು, ಅವಳ ಅತ್ತೆ ಮಾವಂದಿರಿಗೆ ಇಡುತ್ತಿದ್ದಳು. ಮಗಳಿಗೆ ಮಾತ್ರ ಎಲೆ ಹಾಕಲು ಬಿಡುತ್ತಿರಲಿಲ್ಲ. ಗೋಡೆಯ ಮೇಲಿನ ಅವಳ ಫೋಟೋಗೆ ಹಾರವನ್ನೂ ಹಾಕಿರಲಿಲ್ಲ. ನಮ್ಮಪ್ಪ ಪ್ರತಿ ವರ್ಷ ಬೈಯುತ್ತಿದ್ದರು, "ಅಕ್ಕಯ್ಯ, ಕೂಸು ಅಸ್ಕೊಂಡು ಅಲೀತದೆ ಕಣ." ಅತ್ತೆಯ ಉತ್ತರ ಒಂದೇ. "ಮನೇಲಿ ಓಡಾಡ್ಕೊಂಡಿರೋಳ್ಗೆ ಯಾರಾದ್ರೂ ಎಡೆ ಇಕ್ತಾರ್ಲಾ?"

ಊರವರು ಅತ್ತೆಗೆ ತಲೆ ಸರಿಯಿಲ್ಲ ಎನ್ನುತ್ತಿದ್ದರು. ಸುಳ್ಳು. ಅವಳಷ್ಟು ಸರಿಯಾದ ತಲೆ ಆ ಬೀದಿಯಲ್ಲಿ ಇನ್ನೊಂದು ಇರಲಿಲ್ಲ. ಎಲ್ಲರ ಜಗಳ ಬಿಡಿಸುತ್ತಿದ್ದವಳು ಅವಳೇ. ಯಾರಾದರೂ ಬಾಯಿಗೆ ಬಂದದ್ದು ಅಂದರೆ, "ಮಾತು ಆಡಿದ್ರೋಯ್ತು, ಮುತ್ತು ಒಡೆದ್ರೋಯ್ತು, ನೋಡ್ಕೊಂಡ್ ಮಾತಾಡು" ಎನ್ನುತ್ತಿದ್ದಳು. ನನಗಂತೂ ದಿನಕ್ಕೊಂದು ಸಾರಿಯಾದರೂ ಈ ಗಾದೆಯ ಅರ್ಚನೆ ಆಗುತ್ತಿತ್ತು. ನಾಲಿಗೆ ಉದ್ದ ನನ್ನದು.

ಆ ಮನೆಗೆ ಇರಾನಿನ ಹುಡುಗಿ ಬಂದಳು. ಬಂಡೀಪುರದ ರಸ್ತೆಯನ್ನು ರಾತ್ರಿ ಮುಚ್ಚುವ ಮಾತು ಇನ್ನೂ ಶುರುವಾಗಿರದ ಕಾಲ ಅದು. ಮೈಸೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಕಾಡಂಚಿನ ಹೊಲಗಳ ಕಳೆಗಿಡಗಳ ಮೇಲೆ ಅವಳ ಅಧ್ಯಯನ. ಇಲ್ಲೇ ಇದ್ದು ನೋಡಬೇಕು, ಒಂದು ರೂಮು ಬೇಕು ಎಂದು ಪರಿಚಯದ ಮೇಷ್ಟ್ರೊಬ್ಬರು ಕರೆದುಕೊಂಡು ಬಂದರು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟು ದೂರದಿಂದ ಕಳೆ ನೋಡಕ್ ಬಂದವ್ಳಾ? ಬರಂಗಿದ್ರೆ ಒಂದು ಕುಡ್ಲು ತಂದಿದ್ರೆ ಚೆಂದಾಗಿತ್ತು" ಎಂದಳು. ನಕ್ಕು ನಕ್ಕು ಸಾಕಾಯಿತು ನನಗೆ. ಅತ್ತೆ ಮಗಳ ಕೋಣೆಯನ್ನೇ ತೆಗೆದುಕೊಟ್ಟಳು. ನನಗೇ ಕೊಡದಿದ್ದ ಕೋಣೆ ಅದು. ನಾನು ನಡುಮನೆಯಲ್ಲಿ ಮಲಗುತ್ತಿದ್ದೆ.

ಆ ಹುಡುಗಿಗೆ ಸೊಂಟದ ತನಕ ಕೂದಲು. ಭಾನುವಾರ ಅತ್ತೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು, ಚಪ್ಪರದ ಮಲ್ಲಿಗೆ ಮುಡಿಸುತ್ತಿದ್ದಳು. "ಕೂಸು" ಎಂದು ಕರೆಯುತ್ತಿದ್ದಳು. ಹುಡುಗಿ "ಅಮ್ಮ" ಎನ್ನುತ್ತಿದ್ದಳು. ನಮ್ಮ ಮಾತು ಕಲಿಯಲು ಅವಳಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಮುದ್ದೆ ಮುರಿಯುವುದನ್ನೂ ಕಲಿತಳು. ಅತ್ತೆಯ ಕತ್ತು ಆ ದಿನಗಳಲ್ಲೂ ಹಿತ್ತಿಲ ಕಡೆ ವಾಲುತ್ತಿತ್ತು. ಆದರೆ ಮುಖದ ಮೇಲೆ ಕಾಯುವವರ ಬಿಗಿತ ಇರಲಿಲ್ಲ. ಒಮ್ಮೆ ಗುಟ್ಟಿನಲ್ಲಿ ಹೇಳಿದಳು, "ಇವಳು ಬಂದ್ಮೇಲೆ ಅವಳು ಬ್ಯಾಗ್ನೆ ಬತ್ತಾವ್ಳೆ ಕಣಮ್ಮಿ. ಜೊತೆಗಾತಿ ಸಿಕ್ಕವ್ಳೆ ಅಂತ."

ಹೊರದೇಶದ ವಿದ್ಯಾರ್ಥಿಗಳು ಇಲ್ಲಿ ಇರಬೇಕೆಂದರೆ ಪೊಲೀಸರ ಹತ್ತಿರ ನೋಂದಾಯಿಸಿ ವಾಸದ ಪರವಾನಗಿ ಪಡೆಯಬೇಕು. ವರ್ಷ ವರ್ಷ ನವೀಕರಿಸಬೇಕು. ನಮ್ಮ ಜಿಲ್ಲೆಗೆ ಬಂದ ಮೇಲೆ ಅದಕ್ಕೆಲ್ಲ ಚಾಮರಾಜನಗರದ ಪೊಲೀಸ್ ಕಚೇರಿಗೆ ಹೋಗಬೇಕಿತ್ತು. ನಾನು ಡಿಗ್ರಿಗೆ ದಿನಾ ಅಲ್ಲಿಗೇ ಹೋಗುತ್ತಿದ್ದುದರಿಂದ ಅವಳ ಜೊತೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯ ಸಲ ಸಲೀಸಾಗಿ ಆಯಿತು. ನವೀಕರಣದ ಹೊತ್ತಿಗೆ ಹುಡುಗಿ ದಿನ ಬೆಳಗಾದರೆ ಹೆದರಿ ಸಾಯುತ್ತಿದ್ದಳು. ಪರವಾನಗಿ ಸಿಗದಿದ್ದರೆ ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು. ಹೋದರೆ ಅಪ್ಪ ಮತ್ತೆ ಹೊರಗೆ ಕಳಿಸುವುದಿಲ್ಲ, ಗಂಡು ನೋಡಿಟ್ಟಿದ್ದಾರೆ. "ಒಂದು ವರ್ಷ ಸಿಕ್ಕರೆ ಸಾಕು, ಮುಗಿಸ್ತೀನಿ" ಎನ್ನುತ್ತಿದ್ದಳು. ಅರ್ಜಿ ಕೊಟ್ಟೆವು. ಮನೆಯ ಹತ್ತಿರ ವಿಚಾರಣೆಗೆ ಬರುತ್ತಾರೆ ಎಂದರು.

ಬಂದರು. ನಾನು ಕಾಲೇಜಿನಲ್ಲಿದ್ದೆ, ಹುಡುಗಿ ಹೊಲಗಳ ಕಡೆ ಹೋಗಿದ್ದಳು. ಸಂಜೆ ಮನೆಗೆ ಬಂದರೆ ಅತ್ತೆ ಗೆದ್ದವಳ ಹಾಗೆ ಕೂತಿದ್ದಾಳೆ.

"ಪೋಲಿಸ್ನೋನೊಬ್ಬ ಬಂದಿದ್ದ ಕಣಮ್ಮಿ. ಯಾರೋ ಫಾರಿನ್ನೋರು ಅವ್ರಂತಲ್ಲ, ಎಲ್ಲಿ ಅಂದ. ಯಾರೂ ಇಲ್ಲ ಓಗಪ್ಪ, ನನ್ ಮಗಳು ಇರದು ಅಂದ್ಬುಟ್ಟೆ."

"ಅತ್ತೆ!"

"ಫೋಟೋನೂ ತೋರಿಸ್ದೆ. ಚಪ್ಲಿ ಯಾರ್ದು ಅಂದ, ಅವಳ್ದೇ ಅಂದೆ. ಬರ್ಕಂಡು ಓದ."

"ಏನ್ ಕೆಲ್ಸ ಮಾಡ್ಬುಟ್ಟೆ ಅತ್ತೆ! ಅವರು ಬರ್ಲಿ ಅಂತ ನಾವೇ ಅರ್ಜಿ ಕೊಟ್ಟಿದ್ದು. ಅವಳು ಇಲ್ಲಿಲ್ಲ ಅಂತ ಬರ್ಕೊಂಡ್ರೆ ಅವಳ್ನ ದೇಶ ಬಿಟ್ಟು ಕಳಿಸ್ತಾರೆ!"

ಅತ್ತೆಯ ಮುಖ ಬಿಳುಚಿಕೊಂಡಿತು. "ಕಾಕಿ ಬಟ್ಟೆಯೋರು ಬಂದು ಕೂಸೆಲ್ಲಿ ಅಂದ್ರೆ ನಾನಿನ್ನೇನ್ ಅನ್ಲಿ? ಅವತ್ತೂ ಇಂಗೇ ಕೇಳ್ಕಂಡ್ ಬಂದು ಎತ್ಕಂಡ್ ಓದ್ರಲ್ಲ" ಎಂದಳು. ಅವಳನ್ನು ಬೈಯಲು ಯಾವ ದೇವರಿಗೆ ಬಾಯಿ ಬಂದೀತು?

ಮಾರನೆಯ ದಿನ ಮೂವರೂ ಚಾಮರಾಜನಗರದ ಬಸ್ಸು ಹತ್ತಿದೆವು. ಕಚೇರಿಯ ಅಧಿಕಾರಿ ಕೆಟ್ಟವರಲ್ಲ, ಸಮಾಧಾನದ ಮನುಷ್ಯ. ಆದರೆ ಅವರ ಮುಂದೆ ವರದಿ ಇತ್ತು. "ಆ ಮನೇಲಿ ವಿದೇಶಿಯರು ಯಾರೂ ಇಲ್ಲ, ಮನೆಯವರ ಮಗಳು ಮಾತ್ರ ಇದ್ದಾಳೆ ಅಂತ ಬಂದಿದೆ. ಹಾಗಾದ್ರೆ ಇವರು ಸುಳ್ಳು ವಿಳಾಸ ಕೊಟ್ಟ ಹಾಗಾಯ್ತಲ್ಲಮ್ಮ" ಎಂದರು. ನಾನು ನಡೆದದ್ದನ್ನೆಲ್ಲ ಬಡಬಡಿಸಿದೆ. ಅವರು ಕೇಳಿಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಇವರು ಹೇಳಿದ್ರೆ ಆಗಲ್ಲ. ಮನೆ ಯಜಮಾನಿ ನೀವು. ನಿಮ್ಮ ಬಾಯಲ್ಲೇ ಹೇಳ್ಬೇಕು, ನಾವು ಬರ್ಕೋಬೇಕು. ನಿಮ್ಮ ಮಗಳು ಇದಾಳೋ, ಇಲ್ವೋ?"

ಅತ್ತೆ ಕತ್ತು ವಾಲಿಸಿದಳು. ಅಲ್ಲಿ ಹಿತ್ತಿಲು ಎಲ್ಲಿ ಬಂತು? ಗೋಡೆ ಇತ್ತು. ಆ ಗೋಡೆಗೆ ಕಿವಿ ಕೊಟ್ಟು ಕೂತಳು. ಯಾರೂ ಅವಸರ ಮಾಡಲಿಲ್ಲ. ಮಗಳು ಇಲ್ಲ ಎಂಬ ಮಾತನ್ನು, ಅವಳನ್ನು ಮಣ್ಣು ಮಾಡಿದ ದಿನವೂ, ಅತ್ತೆ ಆಡಿದವಳಲ್ಲ. ಹುಡುಗಿ ಎದ್ದು ಬಂದು ಅತ್ತೆಯ ಕೈ ಹಿಡಿದು, "ಬೇಡ ಅಮ್ಮ. ಹೇಳ್ಬೇಡಿ. ನಾನು ಹೋಗ್ತೀನಿ" ಎಂದಳು.

ಅತ್ತೆ ಅವಳ ಮುಖ ನೋಡಿದಳು. "ಇಲ್ಲ ಅಂದ್ರೆ ಈ ಕೂಸ್ನ ಇಲ್ಲೇ ಬುಟ್ಟೀರಾ ಸ್ವಾಮಿ?"

"ಬಿಡ್ತೀವಮ್ಮ."

"ಹಂಗಾದ್ರೆ ಬರ್ಕಳಿ. ನನ್ ಮಗಳು ಸತ್ತೋಗವ್ಳೆ. ಕೆರೇಲಿ. ಈ ಕೂಸು ನಮ್ಮೋಳಲ್ಲ, ಬಾಡ್ಗೆಗೆ ಅವ್ಳೆ."

ಹೆಬ್ಬೆಟ್ಟು ಒತ್ತಿದಳು. ಹುಡುಗಿ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದಳು. ಕೆಲವೇ ದಿನಗಳಲ್ಲಿ ಪರವಾನಗಿ ಬಂತು.

ಪರವಾನಗಿ ಬಂತು, ಮನೆ ಮಾತ್ರ ಮೊದಲಿನ ಹಾಗಾಗಲಿಲ್ಲ. ಅತ್ತೆ ಹುಡುಗಿಗೆ ಒಂದು ಒಳ್ಳೆಯ ಮಾತು ಕಡಿಮೆ ಮಾಡಲಿಲ್ಲ, ಒಂದು ತುತ್ತು ಕಡಿಮೆ ಬಡಿಸಲಿಲ್ಲ. ತಲೆ ಮಾತ್ರ ಬಾಚಲಿಲ್ಲ. ಭಾನುವಾರ ಹುಡುಗಿ ಎಣ್ಣೆ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತು ಕಾದಳು. ಅತ್ತೆ ಮಲ್ಲಿಗೆ ಕಟ್ಟಿ ಕಿಟಕಿಯಲ್ಲಿ ಇಟ್ಟು ಒಳಗೆ ಹೋದಳು. ಆ ವರ್ಷದ ಅಮಾವಾಸ್ಯೆಗೆ ತಾನೇ ಕಜ್ಜಾಯ ಸುಟ್ಟು, ಹೊಸ ಲಂಗದ ಬಟ್ಟೆ ತಂದು, ಮಗಳ ಹೆಸರಿನಲ್ಲಿ ಎಲೆ ಹಾಕಿದಳು. ನಮ್ಮಪ್ಪ, ಅಂತೂ ಅಕ್ಕನಿಗೆ ಬುದ್ಧಿ ಬಂತು ಎಂದು ಸಂತೋಷಪಟ್ಟರು. ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು ಇದು.

"ಅವತ್ತಿಂದ ಬತ್ತಿಲ್ಲ ಕಣಮ್ಮಿ. ಬಾಗ್ಲು ತಗುದೇ ಮಡಗಿವ್ನಿ. ಗೆಜ್ಜೆ ಸದ್ದೇ ಇಲ್ಲ. ನಾನು ಅಂದಿದ್ದು ಕೇಳ್ಸ್ಕೊಂಡ್ಬುಟ್ಳು."

ಹುಡುಗಿ ಓದು ಮುಗಿಸಿ ಊರಿಗೆ ಹೊರಟಳು. ಅತ್ತೆ ಕುಂಕುಮ ಇಟ್ಟು, ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿದಳು. ಆಮೇಲೆ ಮುಸ್ಸಂಜೆಯಾದರೆ ಅವಳು ಹಿತ್ತಿಲ ಹೊಸ್ತಿಲ ಪಕ್ಕ ಕೂರುವುದು, ಕತ್ತಲಾದ ಮೇಲೆ ಎದ್ದು ಒಳಗೆ ಬರುವುದು, ಇಷ್ಟೇ ಆಯಿತು. ನಾನು ಗುಂಡ್ಲುಪೇಟೆಯಲ್ಲೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅತ್ತೆ ಸೊರಗುತ್ತಾ ಹೋದಳು. ಡಾಕ್ಟರು ರಕ್ತ ಕಡಿಮೆ ಎಂದರು. ಒಂದು ದಿನ ಊಟ ಮಾಡುತ್ತಾ ಕೇಳಿದಳು.

"ಆ ಕೂಸಿನ ಓದು ಮುಗೀತಲ್ವಾ? ಇನ್ನ ಆ ಕಾಗ್ದ ಬ್ಯಾಡ ಅಲ್ವಾ?"

"ಬೇಡ. ಯಾಕತ್ತೆ?"

"ನನ್ನ ಆ ಆಪೀಸ್ಗೆ ಇನ್ನೊಂದ್ಸತಿ ಕರ್ಕಂಡೋಗು. ಅವತ್ತು ಆಡಿದ್ ಮಾತ್ನ ವಾಪಸ್ ಈಸ್ಕಬೇಕು."

ನಾನು ನಗಾಡಿಸಲು ನೋಡಿದೆ. "ನೀನೇ ಬಡ್ಕೋತಿದ್ಯಲ್ಲ, ಮಾತು ಆಡಿದ್ರೆ ಹೋಯ್ತು ಅಂತ?"

"ಅದು ಹೊರಗ್ನೋರ್ ಮಾತ್ಗೆ ಕಣಮ್ಮಿ. ಮಕ್ಕಳ ವಿಚಾರದ್ ಮಾತ ವಾಪಸ್ ಈಸ್ಕಬೋದು."

ನನಗೆ ರಜೆ ಇದ್ದದ್ದು ಎರಡನೇ ಶನಿವಾರ. ಹೋದೆವು. ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಆ ಕೋಣೆಗೆ ಬೀಗ ಬಿದ್ದಿತ್ತು, ವರಾಂಡದಲ್ಲಿ ಪಹರೆಯ ಪೇದೆ ಒಬ್ಬರೇ ಇದ್ದರು. ಸೋಮವಾರ ಬನ್ನಿ ಎಂದರು. ಅತ್ತೆ ನಿಲ್ಲಲಿಲ್ಲ. ನೇರ ಹೋಗಿ ಆ ಬೀಗ ಹಾಕಿದ ಬಾಗಿಲ ಮುಂದೆ ಸೆರಗು ಹೊದ್ದು ನಿಂತಳು.

"ಸ್ವಾಮಿ, ಅವತ್ತು ನಾನು ಅಂದಿದ್ದು ಸುಳ್ಳು. ಆ ಕೂಸ್ಗೋಸ್ಕರ ಅಂದೆ. ನನ್ ಮಗಳು ಅವ್ಳೆ. ಎಲ್ಗೂ ಓಗಿಲ್ಲ."

ಪೇದೆ ನನ್ನ ಮುಖ ನೋಡಿದರು. ಅವರಿಗೆ ಏನು ಅರ್ಥವಾಯಿತೋ, ಹತ್ತಿರ ಬಂದು ಟೋಪಿ ತೆಗೆದು, "ಆಯ್ತವ್ವ, ಸಾಹೇಬ್ರಿಗೆ ಯೋಳ್ತೀನಿ. ಅವ್ಳೆ ಅಂತ ಬರ್ಕೋತೀವಿ, ನೀನು ನೆಮ್ಮದಿಯಾಗೋಗು" ಎಂದರು. ಆ ಪುಣ್ಯಾತ್ಮ ಯಾರೋ, ಎಲ್ಲೇ ಇರಲಿ, ಚೆನ್ನಾಗಿರಲಿ. ಬಸ್ಸಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿ ಗುಂಡ್ಲುಪೇಟೆ ಬರುವ ತನಕ ನಿದ್ದೆ ಮಾಡಿದಳು.

ಆ ಸಂಜೆ ದೀಪ ಹಚ್ಚುವಾಗ ನಾನು ಒಲೆ ಮುಂದಿದ್ದೆ. ಅತ್ತೆ ಮೆಲ್ಲಗೆ ನಕ್ಕ ಸದ್ದು ಕೇಳಿಸಿತು. "ಬಾ. ಯಾಕ್ ಇಷ್ಟು ದಿನ?" ಎನ್ನುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ. ಧೈರ್ಯ ಸಾಲಲಿಲ್ಲ.

ಅತ್ತೆ ಅದೇ ಚಳಿಗಾಲದಲ್ಲಿ ಹೋದಳು. ಮಣ್ಣು ಮಾಡುವ ಮುಂಚೆ ನಾನು ಟ್ರಂಕಿನ ಬೀಗ ತೆಗೆದು, ತಳದಲ್ಲಿದ್ದ ಆ ಒಂಟಿ ಗೆಜ್ಜೆಯನ್ನು ಅವಳ ಮಡಿಲಿಗೆ ಹಾಕಿ ಸೆರಗು ಕಟ್ಟಿದೆ. ಬೆಳ್ಳಿಯನ್ನು ಯಾಕಮ್ಮಿ ಮಣ್ಣಿಗೆ ಹಾಕುತ್ತೀಯ ಎಂದು ಯಾರೋ ಅಂದರು. ಇರಾನಿಗೆ ಫೋನು ಮಾಡಿ ತಿಳಿಸಿದೆ. ಹುಡುಗಿ, "ಅಮ್ಮ ನನ್ನ ಓದಿಗೆ ಮಗಳನ್ನ ಕೊಟ್ಟುಬಿಟ್ರು" ಎಂದಳು. ನಮ್ಮ ಕನ್ನಡದಲ್ಲೇ ಹೇಳಿದಳು.

ಈಗ ಆ ಮನೆಯಲ್ಲಿ ನಾನಿದ್ದೇನೆ. ಅಮಾವಾಸ್ಯೆಗೆ ಅತ್ತೆಗೆ ಎಡೆ ಇಡುತ್ತೇನೆ, ಮಗಳಿಗೆ ಎಲೆ ಹಾಕುವುದಿಲ್ಲ. ಯಾಕೆ ಎಂದು ಕೇಳಿದವರಿಗೆ ಅತ್ತೆಯ ಮಾತನ್ನೇ ಹೇಳುತ್ತೇನೆ. ಸಂಜೆ ಹಿತ್ತಿಲ ಬಾಗಿಲು ತೆರೆದಿಡುತ್ತೇನೆ. ಅವಳಿದ್ದಷ್ಟು ದಿನ ನನಗೆ ಏನೂ ಕೇಳಿಸುತ್ತಿರಲಿಲ್ಲ ಎಂದೆನಲ್ಲ, ಈಗ ಒಂದೊಂದು ದಿನ ಕೇಳಿಸುತ್ತದೆ. ಚಪ್ಪರದ ಕಡೆಯಿಂದ ಹೊಸ್ತಿಲ ತನಕ. ಅತ್ತೆ ಹೇಳುತ್ತಿದ್ದ ಹಾಗಲ್ಲ. ಎರಡು ಹೆಜ್ಜೆಗೂ ಘಲ್ ಎನ್ನುತ್ತದೆ.